ಶಾಲೆಗೆ ಬಂದ ದೇಣಿಗೆ ಮೂರನೇ ವರ್ಷವೂ ಕೆಲಸಕ್ಕೆ ಬರಬೇಕಾದರೆ

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂದು, ಪುಕ್ಕಟೆ ಬಂದದ್ದನ್ನು ಅಳೆದು ನೋಡುವವರನ್ನು ಆಡಿಕೊಳ್ಳುವುದುಂಟು. ಶಾಲೆಯ ಮಟ್ಟಿಗೆ ಅಳೆಯುವವರೇ ಜಾಣರು. ಹಿತ್ತಲಿಗೆ ಹೋಗುವ ಅಗತ್ಯವಿಲ್ಲ, ದಾನಿಯ ಎದುರಿಗೇ, ವಸ್ತು ಕೈಸೇರುವ ಮೊದಲೇ ಅಳೆದರಾಯಿತು. ಉದ್ಘಾಟನೆಯ ದಿನ ಎಲ್ಲ ನಲ್ಲಿಯಲ್ಲೂ ನೀರು ಬರುತ್ತದೆ, ಎಲ್ಲ ಕಂಪ್ಯೂಟರೂ ಚಾಲೂ ಆಗುತ್ತದೆ. ಮೂರನೇ ವರ್ಷದ ಹೊತ್ತಿಗೆ ನಲ್ಲಿಯ ವಾಷರ್ ಸವೆದಿರುತ್ತದೆ, ಯುಪಿಎಸ್ ಬ್ಯಾಟರಿ ಸತ್ತಿರುತ್ತದೆ, ವಿಷಯ ಗೊತ್ತಿದ್ದ ಮೇಷ್ಟರಿಗೆ ವರ್ಗವಾಗಿರುತ್ತದೆ, ರಿಪೇರಿಗೆ ಹಣ ಎಲ್ಲಿಂದ ಎಂದು ಕೇಳಿದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆದ್ದರಿಂದ ಸಣ್ಣದಿರಲಿ ದೊಡ್ಡದಿರಲಿ, ಪ್ರತಿ ದೇಣಿಗೆಗೂ ಮೂರು ಪ್ರಶ್ನೆ ಹಾಕಬೇಕು. ಇದನ್ನು ನಡೆಸುವವರು ಯಾರು? ನಡೆಸಲು ವರ್ಷಕ್ಕೆ ಎಷ್ಟು ಬೇಕು? ಆ ಹಣ ಯಾರದು? ಈ ಬುದ್ಧಿವಂತಿಕೆ ಹೊಸದೇನಲ್ಲ. ಅಮೆರಿಕದ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ಹಣದಿಂದ 1883ರಿಂದ 1929ರ ನಡುವೆ 2,509 ಗ್ರಂಥಾಲಯಗಳು ಎದ್ದವು. ಕಟ್ಟಡಕ್ಕೆ ಹಣ ಕೇಳಿದ ಊರಿಗೆ ಸಾಮಾನ್ಯವಾಗಿ ಎರಡು ಷರತ್ತು ಇರುತ್ತಿತ್ತು: ಜಾಗ ಊರಿನದು, ಮತ್ತು ಕೊಟ್ಟ ಮೊತ್ತದ ಶೇ. 10ರಷ್ಟನ್ನು ಊರು ಪ್ರತಿ ವರ್ಷ ಪುಸ್ತಕ, ಸಿಬ್ಬಂದಿ, ನಿರ್ವಹಣೆಗೆ ತೆಗೆದಿಡಬೇಕು. ಬರಿಯ ಕಟ್ಟಡದ ನಿರ್ವಹಣೆಗಾದರೆ ಅಷ್ಟು ಬೇಡ. ಈಗ ಹೊಸದಾಗಿ ಕಟ್ಟಿದರೆ ತಗಲುವ ವೆಚ್ಚದ ಶೇ. 2ರಿಂದ 4 ವರ್ಷಕ್ಕೆ ಎತ್ತಿಡಬೇಕೆಂಬ ಲೆಕ್ಕ ಕಟ್ಟಡ ನಿರ್ವಹಣೆಯವರಲ್ಲಿ ಚಾಲ್ತಿಯಲ್ಲಿದೆ. ಅದನ್ನು ಎತ್ತಿಡಲು ಯಾರೂ ಒಪ್ಪದಿದ್ದರೆ ಕಟ್ಟಡದ ಅಳತೆಯನ್ನೇ ಇಳಿಸಿ. ಬಣ್ಣ ಕಾಣುವ ಎರಡು ಕೋಣೆ, ಸೋರುವ ಮೂರು ಕೋಣೆಗಿಂತ ಮೇಲು.

ಮೊದಲು ಪಟ್ಟಿ, ಆಮೇಲೆ ದಾನಿ

ಶಾಲೆಯಲ್ಲಿ ಪಟ್ಟಿ ಇಲ್ಲದಿದ್ದರೆ ದಾನಿ ತನಗೆ ತೋಚಿದ್ದನ್ನು ತರುತ್ತಾನೆ. ತಪ್ಪು ಅವನದಲ್ಲ. ಹೀಗಾಗಿ ವರ್ಷಕ್ಕೊಮ್ಮೆ, ಯಾರೂ ದೇಣಿಗೆಯ ಮಾತೆತ್ತದ ಕಾಲದಲ್ಲಿ, ಪಟ್ಟಿ ಮಾಡಿಡಿ.

ಮುಖ್ಯೋಪಾಧ್ಯಾಯರು, ಒಬ್ಬ ಶಿಕ್ಷಕಿ, ಇಬ್ಬರು ಪೋಷಕರು ಕೂಡಿ ಶಾಲೆಯನ್ನು ಮೂರು ಹೊತ್ತು ಸುತ್ತಬೇಕು: ಬೆಳಗಿನ ಗಂಟೆಗೆ ಮೊದಲು, ವಿರಾಮದ ವೇಳೆ, ಕೊನೆಯ ಪೀರಿಯಡ್‌ನಲ್ಲಿ. ಒಂದೇ ಜಾಗ ಮೂರು ಹೊತ್ತಿಗೆ ಮೂರು ಥರ ಇರುತ್ತದೆ. ಬೆಳಿಗ್ಗೆ ಒಣಗಿದ್ದ ಶೌಚಾಲಯದ ನೆಲ ವಿರಾಮದ ಹೊತ್ತಿಗೆ ಕೆಸರು, ಬೆಳಿಗ್ಗೆ ತಂಪಾಗಿದ್ದ ಪಶ್ಚಿಮದ ಕೋಣೆ ಕೊನೆಯ ಪೀರಿಯಡ್‌ಗೆ ಕಾದ ಹೆಂಚು. ಜೊತೆಗೆ ಐದನೇ ತರಗತಿಯಿಂದ ಮೇಲಿನ ಮಕ್ಕಳಿಗೆ ಹೆಸರು ಬರೆಯಬೇಕಿಲ್ಲದ ಒಂದು ಚೀಟಿ ಕೊಡಿ. ‘ಶಾಲೆಗೆ ಏನು ಬೇಕು’ ಎಂದು ಕೇಳಿದರೆ ಈಜುಕೊಳ ಎಂದೇ ಬರೆಯುತ್ತಾರೆ. ‘ಶಾಲೆಯಲ್ಲಿ ನೀನು ಹೋಗದೇ ತಪ್ಪಿಸಿಕೊಳ್ಳುವ ಜಾಗ ಯಾವುದು, ಏಕೆ’ ಎಂದು ಕೇಳಿ. ಉತ್ತರಗಳಲ್ಲಿ ಅರ್ಧ ಪಟ್ಟಿ ತಾನಾಗಿ ಸಿಗುತ್ತದೆ. ಹುಡುಗಿಯರ ಚೀಟಿಗಳನ್ನು ಶಿಕ್ಷಕಿಯೊಬ್ಬರೇ ಓದಲಿ.

ಪಟ್ಟಿಯ ಪ್ರತಿ ಸಾಲಿಗೂ ಮೂರು ಅಂಕಿ ಇರಲಿ: ಮಾಡಿಸುವ ವೆಚ್ಚ, ವರ್ಷದ ಖರ್ಚು, ಎಷ್ಟು ವರ್ಷಕ್ಕೆ ಬದಲಿಸಬೇಕು. ನಂತರ ಮೊತ್ತದ ಪ್ರಕಾರ ಮೂರು ಗುಂಪು ಮಾಡಿ. ಒಬ್ಬ ಹಳೆ ವಿದ್ಯಾರ್ಥಿ ತಿಂಗಳ ಸಂಬಳದ ಒಂದು ತುಣುಕಿನಲ್ಲಿ ಕೊಡಬಹುದಾದದ್ದು, ಒಂದು ಬ್ಯಾಚು ಸೇರಿ ಕೊಡಬಹುದಾದದ್ದು, ಸಂಸ್ಥೆಯೇ ಬರಬೇಕಾದದ್ದು. ಮೊದಲನೆಯ ಗುಂಪು ಉದ್ದವಾಗಿರಲಿ. ಹೆಚ್ಚು ಜನ ಕೊಡುವುದು ಅಲ್ಲಿಂದಲೇ, ಮತ್ತು ಸಣ್ಣದನ್ನು ಕೊಟ್ಟು ಸರಿಯಾದ ಲೆಕ್ಕ ಪಡೆದವರೇ ಮುಂದೆ ದೊಡ್ಡದಕ್ಕೆ ಬರುತ್ತಾರೆ.

ಪಟ್ಟಿಗೆ ಏನನ್ನು ಸೇರಿಸಬೇಕು ಎಂಬಲ್ಲಿ ಒಂದು ಎಚ್ಚರ. ಕಣ್ಣಿಗೆ ಕಾಣುವ ಕೊರತೆಯೇ ಕಲಿಕೆಗೆ ಅಡ್ಡ ಬಂದಿರುವ ಕೊರತೆ ಎಂದುಕೊಳ್ಳಬೇಡಿ. 1990ರ ದಶಕದಲ್ಲಿ ಪಶ್ಚಿಮ ಕೀನ್ಯಾದ ಶಾಲೆಗಳಿಗೆ ಪಠ್ಯಪುಸ್ತಕ ಹಂಚಿ ಫಲಿತಾಂಶ ಅಳೆದರು. ಸರಾಸರಿ ಅಂಕ ಏರಲಿಲ್ಲ, ಮೊದಲೇ ಮುಂದಿದ್ದ ಮಕ್ಕಳಿಗೆ ಮಾತ್ರ ಲಾಭವಾಯಿತು. ಪುಸ್ತಕ ಇದ್ದದ್ದು ಇಂಗ್ಲಿಷಿನಲ್ಲಿ, ಬಹಳಷ್ಟು ಮಕ್ಕಳಿಗೆ ಅದು ಮೂರನೆಯ ಭಾಷೆ. ಅದೇ ಸೀಮೆಯಲ್ಲಿ ಜಂತುಹುಳುವಿನ ಮಾತ್ರೆ ಕೊಟ್ಟ ಶಾಲೆಗಳಲ್ಲಿ ಗೈರುಹಾಜರಿ ಸುಮಾರು ಕಾಲುಭಾಗ ಇಳಿಯಿತು. ಎರಡೂ ಅಧ್ಯಯನಗಳಲ್ಲಿದ್ದ ಮೈಕೆಲ್ ಕ್ರೆಮರ್ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರಲ್ಲಿ ಒಬ್ಬರು. ಪೆರುವಿನ ಗ್ರಾಮೀಣ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಕೊಟ್ಟಾಗಲೂ ಗಣಿತ, ಭಾಷೆಯ ಅಂಕಗಳು ಅಲುಗಾಡಲಿಲ್ಲ.

ನೀರು ಮತ್ತು ಶೌಚಾಲಯ: ಲೆಕ್ಕ ಹಾಕಿಯೇ ಕಟ್ಟಿ

ಯಾವ ಶಾಲೆಯಲ್ಲೂ ಪಟ್ಟಿಯ ತಲೆಯಲ್ಲಿ ಇರಬೇಕಾದದ್ದು ಇದೇ. ದಾನಿಗಳಿಗೆ ತಮ್ಮ ಹೆಸರನ್ನು ಶೌಚಾಲಯದ ಮೇಲೆ ಹಾಕಿಸಿಕೊಳ್ಳಲು ಮುಜುಗರ, ಅದಕ್ಕೇ ಇದು ಹಿಂದೆ ಬೀಳುತ್ತದೆ. ಹೆಸರನ್ನು ಶಾಲೆಯ ಮುಖ್ಯ ಫಲಕದಲ್ಲಿ ಹಾಕುತ್ತೇವೆ ಎಂದರೆ ಮುಜುಗರ ಕರಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪ್ರಕಟಿಸಿದ ಮಾನದಂಡದಲ್ಲಿ 25 ಹುಡುಗಿಯರಿಗೆ 1 ಶೌಚಾಲಯ, 50 ಹುಡುಗರಿಗೆ 1 ಶೌಚಾಲಯ ಮತ್ತು 1 ಮೂತ್ರಾಲಯ, ಸಿಬ್ಬಂದಿಗೆ ಬೇರೆ. ಶಾಲೆಯಲ್ಲಿ 150 ಹುಡುಗಿಯರು, 150 ಹುಡುಗರು ಇದ್ದಾರೆನ್ನೋಣ. ಹುಡುಗಿಯರಿಗೆ 6, ಹುಡುಗರಿಗೆ 3 ಮತ್ತು 3. ಅಷ್ಟಿದ್ದರೂ 10 ನಿಮಿಷದ ವಿರಾಮಕ್ಕೆ ಸಾಲದು. ಅರ್ಧದಷ್ಟು ಹುಡುಗಿಯರು, ಅಂದರೆ 75 ಮಂದಿ, ಒಟ್ಟಿಗೆ ಹೋದರೆ ಒಂದೊಂದು ಬಾಗಿಲ ಮುಂದೆ 12 ಅಥವಾ 13 ಜನ. ಒಬ್ಬರಿಗೆ ಒಂದೂವರೆ ನಿಮಿಷ ಹಿಡಿದರೂ ಸಾಲು ಮುಗಿಯಲು 19 ನಿಮಿಷ ಬೇಕು. ಇದಕ್ಕೆ ಇನ್ನಾರು ಶೌಚಾಲಯ ಕಟ್ಟಿಸಬೇಕಿಲ್ಲ. ಕಿರಿಯರಿಗೂ ಹಿರಿಯರಿಗೂ ವಿರಾಮವನ್ನು ಬೇರೆಬೇರೆ ಹೊತ್ತಿಗೆ ಬಿಟ್ಟರೆ ಸಾಲು ಅರ್ಧಕ್ಕಿಳಿಯುತ್ತದೆ. ದಾನಿಯ ಹಣ ಮುಟ್ಟುವ ಮೊದಲು ವೇಳಾಪಟ್ಟಿ ತಿದ್ದಿ ನೋಡಿ.

ನೀರಿನ ಲೆಕ್ಕ ಹೀಗೆ. ಕುಡಿಯಲು, ಕೈತೊಳೆಯಲು, ಶುಚಿಗೆ ತಲೆಗೆ ದಿನಕ್ಕೆ 5 ಲೀಟರ್. ನೀರು ಸುರಿದು ತೊಳೆಯುವ ಶೌಚಾಲಯಕ್ಕೆ ತಲೆಗೆ ಇನ್ನು 3 ಲೀಟರ್‌ವರೆಗೆ. ಸಿಬ್ಬಂದಿ ಸೇರಿ 310 ಜನಕ್ಕೆ ದಿನಕ್ಕೆ ಸುಮಾರು 2,500 ಲೀಟರ್. ಒಂದು ದಿನ ನೀರು ಬಾರದಿದ್ದರೂ ಶಾಲೆ ನಡೆಯಬೇಕೆಂದರೆ 5,000 ಲೀಟರಿನ ಶೇಖರಣೆ. ಫ್ಲಶ್ ತೊಟ್ಟಿ ಹಾಕಿಸಿದಿರೋ, ತಲೆಗೆ 10ರಿಂದ 20 ಲೀಟರ್ ಬೇಕಾಗಿ ಲೆಕ್ಕವೆಲ್ಲ ತಲೆಕೆಳಗು. 5,000 ಲೀಟರ್ ನೀರೆಂದರೆ 5 ಟನ್ ಭಾರ ಎಂಬುದು ಉತ್ಸಾಹದಲ್ಲಿ ಮರೆತುಹೋಗುತ್ತದೆ. ಹಳೆ ತಾರಸಿಯ ನಡುವೆ ಅದನ್ನು ಕೂರಿಸಬಾರದು. ಎಂಜಿನಿಯರ್ ಒಬ್ಬರು ತೊಲೆ, ಕಂಬ ನೋಡಿ ಬರೆದುಕೊಟ್ಟ ಜಾಗದಲ್ಲೇ ಕೂರಿಸಿ, ಇಲ್ಲವೇ ನೆಲದ ಮೇಲೆ ಬೇರೆ ಕಟ್ಟೆ ಕಟ್ಟಿಸಿ.

ಊಟಕ್ಕೆ ಮುಂಚೆ 300 ಮಕ್ಕಳೂ ಕೈತೊಳೆಯಬೇಕು. ಒಬ್ಬರಿಗೆ ಅರ್ಧ ನಿಮಿಷದಂತೆ 10 ನಲ್ಲಿಯಿದ್ದರೆ 15 ನಿಮಿಷ. ಹತ್ತು ನಲ್ಲಿಯೆಂದರೆ ಹತ್ತು ಸವೆಯುವ ವಾಷರ್ ಎಂದೂ ಅರ್ಥ. ಅಡ್ಡಲಾಗಿ ಒಂದು ಪೈಪು ಎಳೆದು, ಎರಡು ಗೇಣಿಗೊಂದರಂತೆ 2ರಿಂದ 3 ಮಿಲಿಮೀಟರ್ ತೂತು ಕೊರೆದು, ತುದಿಯಲ್ಲಿ ಒಂದೇ ವಾಲ್ವ್ ಇಟ್ಟರೆ ಕೆಡುವ ಭಾಗ ಒಂದೇ. ಶಿಕ್ಷಕರು ವಾಲ್ವ್ ತಿರುಗಿಸಿದರೆ ಸಾಲಿಡೀ ಒಟ್ಟಿಗೆ ತೊಳೆಯುತ್ತದೆ. ಸೋಪು ಮಾತ್ರ ಪ್ರತಿ ತಿಂಗಳ ಖರ್ಚು. ಅದನ್ನು ದೇಣಿಗೆಯ ಕರಾರಿನಲ್ಲಿ ಬರೆಯದಿದ್ದರೆ ಎರಡನೇ ತಿಂಗಳಿಂದ ಸೋಪು ಇರುವುದಿಲ್ಲ.

ಇನ್ನು ಹುಡುಗಿಯರ ಶೌಚಾಲಯದ ಬಾಗಿಲು. ಗುತ್ತಿಗೆದಾರ ಸಾಮಾನ್ಯವಾಗಿ ಹಾಕುವುದು ಪಿವಿಸಿ ಬಾಗಿಲಿಗೆ ಎರಡು ಗಿಡ್ಡ ಸ್ಕ್ರೂಗಳ ಅಲ್ಯೂಮಿನಿಯಂ ಚಿಲಕ. ದಿನಕ್ಕೆ 25 ಮಕ್ಕಳು ಎಳೆದಾಡಿದರೆ ಕೆಲವೇ ತಿಂಗಳಲ್ಲಿ ಸ್ಕ್ರೂ ಕಿತ್ತು ಬರುತ್ತದೆ. ಚಿಲಕವಿಲ್ಲದ ಬಾಗಿಲನ್ನು ಒಬ್ಬಳು ಹೊರಗೆ ನಿಂತು ಹಿಡಿದುಕೊಳ್ಳಬೇಕು, ಗೆಳತಿ ಇಲ್ಲದ ದಿನ ಇನ್ನೊಬ್ಬಳು ಹೋಗುವುದೇ ಇಲ್ಲ. ಬಾಗಿಲನ್ನು ತೂರಿ ಆಚೆಗೆ ನಟ್ ಬಿಗಿಯುವ ಸ್ಟೇನ್‌ಲೆಸ್ ಚಿಲಕ, ನೆಲದಿಂದ ಸುಮಾರು 90 ಸೆಂಟಿಮೀಟರ್ ಎತ್ತರದಲ್ಲಿ, ಚಿಕ್ಕ ಕೈಗೂ ಎಟುಕುವಂತೆ ಹಾಕಿಸಿ. ಒಳಗೆ ಚೀಲ ನೇತುಹಾಕುವ ಒಂದು ಕೊಕ್ಕೆ, ಒಣಗಿದ ವಸ್ತು ಇಡಲು ಕೈಯಗಲದ ಹಲಗೆ, ಮುಚ್ಚಳವಿರುವ ಕಸದ ಬುಟ್ಟಿ ಮತ್ತು ಅದನ್ನು ದಿನಾ ಖಾಲಿ ಮಾಡುವವರ ಹೆಸರು. ಕಿಟಕಿಯ ಕೆಳ ಅಂಚು ನೆಲದಿಂದ 180 ಸೆಂಟಿಮೀಟರ್ ಮೇಲಿರಲಿ. ಗಾಲಿಕುರ್ಚಿಯ ಮಗು ಇವತ್ತು ಶಾಲೆಯಲ್ಲಿ ಇಲ್ಲದಿದ್ದರೂ ಒಂದು ಶೌಚಾಲಯಕ್ಕೆ 90 ಸೆಂಟಿಮೀಟರ್ ಬಾಗಿಲು, ಗೋಡೆಗೆ ಹಿಡಿಕೆ, 1:12ರ ಇಳಿಜಾರು ಮಾಡಿಸಿ. ಅಂದರೆ 30 ಸೆಂಟಿಮೀಟರ್ ಎತ್ತರಕ್ಕೆ 3.6 ಮೀಟರ್ ಉದ್ದ. ಮೆಟ್ಟಿಲ ಮೇಲೆ ಸಿಮೆಂಟು ಮೆತ್ತಿ ಮಾಡಿದ ಕಡಿದಾದ ಇಳಿಜಾರು ತಪಾಸಣೆಯ ಫೋಟೋಗಷ್ಟೇ ಲಾಯಕ್ಕು.

ಹೊಸ ಬಗೆಯ ಯಂತ್ರ ತರುವ ದಾನಿ ಬಂದರೆ ನಿಧಾನಿಸಿ. 2000ದ ದಶಕದಲ್ಲಿ ದಕ್ಷಿಣ ಆಫ್ರಿಕಾ, ಮೊಜಾಂಬಿಕ್ ಮುಂತಾದ ಕಡೆ ಶಾಲೆಗಳಲ್ಲಿ ಮಕ್ಕಳು ತಿರುಗುವ ಆಟದ ಚಕ್ರದಿಂದಲೇ ನೀರೆತ್ತುವ ಪ್ಲೇಪಂಪ್ ಹಾಕಿಸಿದರು. ಜಗತ್ತೆಲ್ಲ ಮೆಚ್ಚಿತು. ಆದರೆ ನೀರು ಬೇಕಾದಾಗ ಆಡುವ ಮಕ್ಕಳಿರಬೇಕಲ್ಲ. ಕಡೆಗೆ ಹೆಂಗಸರು ಆ ಚಕ್ರವನ್ನು ಕೈಯಲ್ಲಿ ತಳ್ಳಬೇಕಾಯಿತು, ಕೆಟ್ಟಾಗ ಸ್ಥಳೀಯವಾಗಿ ರಿಪೇರಿ ಮಾಡುವವರೂ ಸಿಗಲಿಲ್ಲ. ಬಿಡಿಭಾಗ ಹತ್ತಿರದ ಅಂಗಡಿಯಲ್ಲಿ ಸಿಗದ ಯಂತ್ರ ಶಾಲೆಗೆ ಬೇಡ.

ಬೆಳಕು, ಗಾಳಿ, ಸದ್ದು

ಫಲಕಕ್ಕೆ ಸಿಗದ ಸುಧಾರಣೆಗಳಿವು, ಆದರೆ ಪ್ರತಿ ಮಗುವಿಗೂ ಪ್ರತಿದಿನ ತಾಕುತ್ತವೆ.

ದೀಪ ಚೆಲ್ಲುವ ಬೆಳಕಿನ ಅಳತೆ ಲ್ಯೂಮೆನ್, ಒಂದು ಚದರ ಮೀಟರಿನ ಮೇಲೆ ಒಂದು ಲ್ಯೂಮೆನ್ ಬಿದ್ದರೆ ಅದು ಒಂದು ಲಕ್ಸ್. ತರಗತಿಯ ಮೇಜಿನ ಮೇಲೆ 300 ಲಕ್ಸ್, ಬೋರ್ಡಿನ ಮೇಲೆ 500 ಲಕ್ಸ್ ಇರಬೇಕೆಂದು 2011ರ ಐರೋಪ್ಯ ಮಾನದಂಡದಲ್ಲಿತ್ತು. 6 ಮೀಟರ್‌ಗೆ 8 ಮೀಟರ್ ಕೋಣೆಯೆಂದರೆ 48 ಚದರ ಮೀಟರ್, 300ರಿಂದ ಗುಣಿಸಿದರೆ 14,400 ಲ್ಯೂಮೆನ್. ದೀಪದಿಂದ ಹೊರಟದ್ದೆಲ್ಲ ಮೇಜಿಗೆ ಇಳಿಯುವುದಿಲ್ಲ, ಗೋಡೆ ನುಂಗುತ್ತದೆ, ಧೂಳು ತಿನ್ನುತ್ತದೆ. ಸುಮಾರು ಅರ್ಧ ದಕ್ಕುತ್ತದೆ ಎಂದು ಹಿಡಿದರೆ 30,000 ಲ್ಯೂಮೆನ್ ಬೇಕು, ಅಂದರೆ 2,000 ಲ್ಯೂಮೆನ್‌ನ 15 ಎಲ್ಇಡಿ ಟ್ಯೂಬು. ಬಹಳಷ್ಟು ಕೋಣೆಗಳಲ್ಲಿ ಇರುವುದು ಎರಡೋ ನಾಲ್ಕೋ. ಆದರೆ ಹಗಲು ಶಾಲೆಗೆ ಅಷ್ಟೂ ದೀಪ ಉರಿಯಬೇಕಿಲ್ಲ. ಮೊದಲು ಒಳಗೋಡೆ, ಚಾವಣಿಗೆ ಬಿಳಿ ಬಣ್ಣ ಹೊಡೆಸಿ, ಕಿಟಕಿಗೆ ಅಡ್ಡ ನಿಂತ ಬೀರು ಸರಿಸಿ, ಅಗ್ಗದ ಲಕ್ಸ್ ಮೀಟರಿನಲ್ಲಿ ನಾಲ್ಕು ಮೂಲೆ ಮತ್ತು ನಡು ಅಳೆದು ಆಮೇಲೆ ದೀಪದ ಸಂಖ್ಯೆ ಗೊತ್ತು ಮಾಡಿ. ಕಿಟಕಿಗೆ ಸಮಾಂತರವಾದ ಸಾಲಿಗೊಂದು ಸ್ವಿಚ್ ಇಟ್ಟರೆ ಕಿಟಕಿ ಬದಿಯ ಸಾಲು ಆರಿಸಿ ಒಳಬದಿಯದನ್ನಷ್ಟೇ ಉರಿಸಬಹುದು. ಬಾಗಿಲ ಹತ್ತಿರ ಒಂದೇ ಸ್ವಿಚ್‌ಗೆ ಎಲ್ಲ ಕಟ್ಟಿದರೆ ಒಂದೋ ಕರೆಂಟು ಬಿಲ್ಲು, ಒಂದೋ ಕತ್ತಲೆ.

ಕಿಟಕಿಯ ಬೆಳಕಿಗೆ ಇಂಥ ಗಮನ ಕೊಟ್ಟ ಹಳೆಯ ಉದಾಹರಣೆ ಅಮೆರಿಕದ ದಕ್ಷಿಣ ರಾಜ್ಯಗಳದು. ಕಪ್ಪು ಜನರ ಶಿಕ್ಷಣಕ್ಕೆ ದುಡಿದ ನಾಯಕ ಬುಕರ್ ಟಿ. ವಾಷಿಂಗ್ಟನ್ ಮಾತಿನ ಮೇಲೆ ವ್ಯಾಪಾರಿ ಜೂಲಿಯಸ್ ರೋಸೆನ್‌ವಾಲ್ಡ್ 1912ರಲ್ಲಿ ಅಲಬಾಮಾದ ಆರು ಪುಟ್ಟ ಶಾಲೆಗಳಿಂದ ಶುರುಮಾಡಿದ ಕೆಲಸ 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಕಪ್ಪು ಮಕ್ಕಳಿಗೆಂದು ಸುಮಾರು 5,000 ಶಾಲೆಗಳಿಗೆ ಮುಟ್ಟಿತು. ಕರೆಂಟಿಲ್ಲದ ಹಳ್ಳಿಗಳಿಗೆಂದು ಅಚ್ಚು ಹಾಕಿಸಿದ ನಕ್ಷೆಗಳಲ್ಲಿ ಕಿಟಕಿಗಳ ದಿಕ್ಕು, ಬೆಂಚಿನ ದಿಕ್ಕು ಎಲ್ಲ ನಿಗದಿಯಾಗಿತ್ತು. ಬೆಳಕು ಮಗುವಿನ ಎಡ ಹೆಗಲ ಮೇಲಿಂದ ಬೀಳಬೇಕು, ಬರೆಯುವ ಬಲಗೈ ನೆರಳು ಹಾಳೆಯ ಮೇಲೆ ಬೀಳಬಾರದು. ಅಲ್ಲಿನ ಇನ್ನೊಂದು ಪಾಠ ಇದಕ್ಕಿಂತ ದೊಡ್ಡದು. ಹಣ ಪೂರ್ತಿ ರೋಸೆನ್‌ವಾಲ್ಡ್‌ನದಾಗಿರಲಿಲ್ಲ. ಊರಿನವರೂ ಸರ್ಕಾರವೂ ಕೈಜೋಡಿಸಲೇಬೇಕಿತ್ತು, ಬಡವರಾಗಿದ್ದ ಕಪ್ಪು ಜನ ನೆಲ, ಮರ, ಶ್ರಮ, ಕಾಸು ಕೊಟ್ಟು ಕಟ್ಟಿದರು. ತಾವು ಬೆವರು ಸುರಿಸಿದ ಶಾಲೆಯ ಹೆಂಚು ಹಾರಿದರೆ ಊರು ಸುಮ್ಮನಿರುವುದಿಲ್ಲ. ದಾನಿ ಎಷ್ಟೇ ಸಿರಿವಂತನಿರಲಿ, ಒಂದು ಪಾಲು ಶಾಲೆಯ ಕಡೆಯಿಂದಲೂ ಇರುವಂತೆ ನೋಡಿಕೊಳ್ಳಿ, ಶ್ರಮದಾನವಾದರೂ ಸರಿ.

ಗಾಳಿಗೆ ಎದುರುಬದುರು ಕಿಟಕಿ ಬೇಕು. ಒಂದೇ ಕಡೆ ಕಿಟಕಿಯಿದ್ದರೆ ಎದುರು ಗೋಡೆಯ ಮೇಲ್ಭಾಗದಲ್ಲಿ ಗಾಳಿಕಿಂಡಿ ತೆಗೆಸಿ. ಸದ್ದಿನ ವಿಷಯ ಯಾರೂ ಕೇಳುವುದಿಲ್ಲ. ಖಾಲಿ ಕೋಣೆಯಲ್ಲಿ ಚಪ್ಪಾಳೆ ತಟ್ಟಿದಾಗ ಸದ್ದು ಗುಂಯ್‌ಗುಟ್ಟಿ ಉಳಿದರೆ ಹಿಂದಿನ ಬೆಂಚಿನ ಮಗುವಿಗೆ ಮೇಷ್ಟರ ಅಕ್ಷರಗಳು ಕಲಸಿಹೋಗುತ್ತಿವೆ. ಸಾಧಾರಣ ಗಾತ್ರದ ತರಗತಿಯಲ್ಲಿ ಪ್ರತಿಧ್ವನಿ 0.6 ಸೆಕೆಂಡಿನೊಳಗೆ ಅಡಗಬೇಕು ಎನ್ನುತ್ತದೆ ಅಮೆರಿಕದ ಮಾನದಂಡ. ಹಿಂಬದಿ ಗೋಡೆಗೆ ಬಟ್ಟೆ ಹೊದಿಸಿದ ಮೆದು ಬೋರ್ಡು ಹಾಕಿಸಿದರೆ ಸದ್ದೂ ಅಡಗುತ್ತದೆ, ಮಕ್ಕಳ ಚಿತ್ರ ಅಂಟಿಸಲು ಜಾಗವೂ ಆಗುತ್ತದೆ.

ಗ್ರಂಥಾಲಯ, ಪ್ರಯೋಗಾಲಯ, ಕಂಪ್ಯೂಟರು

ಅಂತರರಾಷ್ಟ್ರೀಯ ಗ್ರಂಥಾಲಯ ಒಕ್ಕೂಟದ 2002ರ ಮಾರ್ಗಸೂಚಿ ಮಗುವಿಗೆ 10 ಪುಸ್ತಕ ಎಂದಿತ್ತು. 300 ಮಕ್ಕಳಿಗೆ 3,000. ಮೀಟರ್ ಉದ್ದದ ಅಡ್ಡಹಲಗೆಗೆ ಸುಮಾರು 40 ಪುಸ್ತಕವೆಂದರೆ 75 ಮೀಟರ್ ಅಡ್ಡಹಲಗೆ, ಐದು ಅಂತಸ್ತಿನ 90 ಸೆಂಟಿಮೀಟರ್ ಅಗಲದ ಕಪಾಟುಗಳಾದರೆ 17. ಪುಸ್ತಕದ ಭಾರ ತರಗತಿಯ ನೆಲ ತಾಳುವುದಕ್ಕಿಂತ ಬಹಳ ಹೆಚ್ಚು, ಹಾಗಾಗಿ ಗ್ರಂಥಾಲಯ ನೆಲಮಹಡಿಯಲ್ಲಿರಲಿ. ಕಪಾಟನ್ನು ಗೋಡೆಗೆ ಬಿಗಿಯಿರಿ, ಮಕ್ಕಳು ಏಣಿಯಂತೆ ಹತ್ತುತ್ತಾರೆ.

ಹಳೆ ಪುಸ್ತಕದ ಮೂಟೆಗಳು ಬರುತ್ತವೆ. ಅವುಗಳಲ್ಲಿ ಬಹುಪಾಲು ಯಾರದೋ ಮನೆ ಖಾಲಿ ಮಾಡಿದಾಗ ಸಿಕ್ಕ ಗೈಡುಗಳು, ಹಳೆ ಪಠ್ಯ, ಅರ್ಧ ಬರೆದ ನೋಟುಬುಕ್ಕು. ‘ಆರಿಸಿಕೊಂಡು ಉಳಿದದ್ದನ್ನು ರದ್ದಿಗೆ ಹಾಕುತ್ತೇವೆ, ಒಪ್ಪಿಗೆಯೇ?’ ಎಂದು ಮೊದಲೇ ಕೇಳಿ. ಇನ್ನೂ ಒಳ್ಳೆಯದು, ಮಕ್ಕಳೇ ಆರಿಸಿದ ನೂರು ಹೆಸರುಗಳ ಪಟ್ಟಿ ಕೊಟ್ಟು ಅದರಿಂದ ಕೊಡಿಸಲು ಹೇಳುವುದು. ಎರವಲು ಕೊಟ್ಟ ಪುಸ್ತಕಗಳಲ್ಲಿ ಒಂದಷ್ಟು ಕಳೆಯುತ್ತವೆ, ಹರಿಯುತ್ತವೆ. ಅದು ಗ್ರಂಥಾಲಯ ಬದುಕಿರುವ ಗುರುತು. ಒಂದೂ ಕಳೆಯದ ಗ್ರಂಥಾಲಯದ ಬೀಗ ತೆಗೆದಿಲ್ಲ ಎಂದೇ ತಿಳಿಯಿರಿ.

ಪ್ರಯೋಗಾಲಯಕ್ಕೆ ಯಾರೋ ಉಳಿಸಿಕೊಂಡ ರಾಸಾಯನಿಕಗಳನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಚೀಟಿ ಹರಿದ ಬಾಟಲಿ ವಿಲೇವಾರಿ ಮಾಡುವ ಖರ್ಚು, ಅಪಾಯ ಎರಡೂ ಶಾಲೆಯ ತಲೆಗೆ. ಸೂಕ್ಷ್ಮದರ್ಶಕವಾದರೆ ಎಲ್ಇಡಿ ದೀಪದ್ದೇ ಇರಲಿ, ಜೊತೆಗೆ ಗಾಜಿನ ಸ್ಲೈಡು, ಕವರ್‌ಸ್ಲಿಪ್ ಮೂರು ವರ್ಷಕ್ಕಾಗುವಷ್ಟು.

ಕಂಪ್ಯೂಟರಿನ ವಿಷಯಕ್ಕೆ ದಾನಿಗಳು ಒಮ್ಮೆಗೇ 20 ಕೊಡಲು ಇಷ್ಟಪಡುತ್ತಾರೆ. ಐದು ವರ್ಷದ ಬಾಳಿಕೆ ಹಿಡಿದರೆ ಆರನೇ ವರ್ಷ ಒಮ್ಮೆಗೇ 20 ಕಂಪ್ಯೂಟರ್ ಮುದಿಯಾಗುತ್ತವೆ. ಅದೇ ಹಣವನ್ನು ವರ್ಷಕ್ಕೆ 4ರಂತೆ ಐದು ಕಂತಿನಲ್ಲಿ ಪಡೆದರೆ ಯಾವಾಗಲೂ ಕೆಲವು ಹೊಸವು, ಕೆಲವು ಹಳೆಯವು, ಖರ್ಚು ಪ್ರತಿ ವರ್ಷ ಒಂದೇ ಸಮ. ಡೆಸ್ಕ್‌ಟಾಪ್ ಒಂದಕ್ಕೆ ಮಾನಿಟರ್ ಸೇರಿ 150 ವ್ಯಾಟ್ ಎಂದರೆ 20ಕ್ಕೆ 3 ಕಿಲೋವ್ಯಾಟ್. ಆ ಕೋಣೆಗೆ ಬೇರೆ ಸರ್ಕ್ಯೂಟು, ಸರಿಯಾದ ಅರ್ಥಿಂಗ್ ಇಲ್ಲದೆ ಚಾಲೂ ಮಾಡಬೇಡಿ. ಲ್ಯಾಪ್‌ಟಾಪಿಗೆ ಇದರ ಮೂರನೇ ಒಂದು ಪಾಲು ಸಾಕು, ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ. ಯುಪಿಎಸ್‌ನ ಸೀಸದ ಬ್ಯಾಟರಿ ಮೂರರಿಂದ ಐದು ವರ್ಷ ಬಂದರೆ ಹೆಚ್ಚು, ಬದಲಿಸುವ ಹಣ ಮೊದಲ ದಿನವೇ ಬೇರೆ ಇಡಿ. ಕಂಪನಿಗಳು ಕೊಡುವ ಬಳಸಿದ ಕಂಪ್ಯೂಟರಿಗೆ ಭದ್ರತಾ ಅಪ್‌ಡೇಟ್ ಬರುವುದು ನಿಂತಿದ್ದರೆ, ಡಿಸ್ಕ್ ಅಳಿಸಿ ಕೊಡದಿದ್ದರೆ, ಬೇಡ ಎನ್ನಿ.

ಮಕ್ಕಳ ದಿನಚರಿಗೆ ತಾಕುವ ದೇಣಿಗೆ

ಕಟ್ಟಡಕ್ಕಿಂತ ಕಡಿಮೆ ಹಣದಲ್ಲಿ ಹೆಚ್ಚು ಬದಲಾವಣೆ ಆಗುವುದು ಇಲ್ಲಿ. ಕನ್ನಡಕವನ್ನೇ ತೆಗೆದುಕೊಳ್ಳಿ. ಚೀನಾದ ಗ್ರಾಮೀಣ ಶಾಲೆಗಳಲ್ಲಿ ಕಣ್ಣು ಪರೀಕ್ಷಿಸಿ ಉಚಿತ ಕನ್ನಡಕ ಕೊಟ್ಟ ಪ್ರಯೋಗ 2014ರಲ್ಲಿ ಪ್ರಕಟವಾಯಿತು, ಗಣಿತದ ಅಂಕ ಏರಿತ್ತು. ಕೊಟ್ಟ ಮಕ್ಕಳೆಲ್ಲ ಹಾಕಿಕೊಳ್ಳಲಿಲ್ಲ ಎಂಬುದೂ ಅಲ್ಲಿ ದಾಖಲಾಗಿದೆ. ಹಾಗಾಗಿ ಮಗು ತಾನೇ ಫ್ರೇಮ್ ಆರಿಸಲಿ, ಶಿಕ್ಷಕರು ತರಗತಿಯಲ್ಲಿ ನೆನಪಿಸಲಿ, ಒಡೆದರೆ ಒಮ್ಮೆ ಬದಲಿಸಿಕೊಡುವ ಹಣ ದೇಣಿಗೆಯಲ್ಲೇ ಸೇರಿರಲಿ.

ಒಂದು ಸಣ್ಣ ತುರ್ತುನಿಧಿ ಇಡಿ. ಪರೀಕ್ಷಾ ಶುಲ್ಕ, ಹರಿದ ಶೂ, ಪ್ರವಾಸದ ವಂತಿಗೆ, ಬಸ್ ಪಾಸು. ಇಬ್ಬರು ಶಿಕ್ಷಕರು ಸಹಿ ಹಾಕಿದರೆ ಅದೇ ದಿನ ಹಣ ಸಿಗಬೇಕು. ಅರ್ಜಿ, ಆದಾಯ ಪತ್ರ, ಸಮಿತಿ ಸಭೆ ಎಂದರೆ ಅಷ್ಟರಲ್ಲಿ ಪ್ರವಾಸ ಮುಗಿದಿರುತ್ತದೆ. ಯಾರಿಗೆ ಕೊಟ್ಟೆವು ಎಂಬುದು ಲೆಕ್ಕದ ಪುಸ್ತಕದಲ್ಲಿ ಸಂಕೇತ ಸಂಖ್ಯೆಯಲ್ಲಿರಲಿ, ದಾನಿಗೂ ಅಷ್ಟೇ ಕಾಣಲಿ. ಸಹಾಯ ಪಡೆದ ಮಕ್ಕಳನ್ನು ವೇದಿಕೆಗೆ ಕರೆದು ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯುವ ಪದ್ಧತಿ ನಿಲ್ಲಿಸಿ. ಮರುವರ್ಷ ನಿಜವಾಗಿ ಬೇಕಾದ ಮಗು ಕೈಯೆತ್ತುವುದಿಲ್ಲ. ದಾನಿಗೆ ಫೋಟೋ ಬೇಕೇಬೇಕೆಂದರೆ ಇಡೀ ಶಾಲೆಯದನ್ನು ಕಳಿಸಿ.

ಆಟ, ಸಂಗೀತದ ಸಾಮಾನು ಕೆಡುವುದಕ್ಕಿಂತ ಹೆಚ್ಚಾಗಿ ಬೀರುವಿನಲ್ಲಿ ಕೊಳೆಯುತ್ತವೆ. ಹಾರ್ಮೋನಿಯಂ ಹಾಳಾದರೆ ಆಡಿಟ್‌ನಲ್ಲಿ ಯಾರು ಉತ್ತರ ಕೊಡುವುದು ಎಂಬ ಭಯಕ್ಕೆ ಮುಖ್ಯೋಪಾಧ್ಯಾಯರು ಕೀಲಿಕೈ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಆ ಭಯ ಸಹಜ, ಬೈದು ಪ್ರಯೋಜನವಿಲ್ಲ. ಪರಿಹಾರ ಕರಾರಿನಲ್ಲಿದೆ: ‘ವರ್ಷಕ್ಕೆ ಐದನೇ ಒಂದು ಭಾಗ ಬಳಕೆಯಲ್ಲಿ ಸವೆಯುವುದು, ಒಡೆಯುವುದು ನಿರೀಕ್ಷಿತ, ಅದಕ್ಕೆ ಯಾರೂ ಹೊಣೆಯಲ್ಲ’ ಎಂಬ ಒಂದು ಸಾಲು ದಾನಿಯ ಸಹಿಯೊಂದಿಗೆ ಇದ್ದರೆ ಬೀರು ತೆರೆಯುತ್ತದೆ. ಕೀಲಿಕೈಯನ್ನು ಎಂಟನೇ, ಒಂಬತ್ತನೇ ತರಗತಿಯ ಇಬ್ಬರು ಮಕ್ಕಳಿಗೆ ಕೊಟ್ಟು, ತೆಗೆದದ್ದು ಇಟ್ಟದ್ದು ಬರೆಯುವ ಒಂದು ವಹಿ ಇಡಿ. ಚೆಂಡಿನ ಜೊತೆ ಪಂಪು, ಪಂಪಿನ ಜೊತೆ ಸೂಜಿ ಕೇಳಿ. ಸೂಜಿ ಕಳೆದು ವರ್ಷಗಟ್ಟಲೆ ಗಾಳಿಯಿಲ್ಲದೆ ಬಿದ್ದಿರುವ ಚೆಂಡುಗಳು ಎಷ್ಟೋ ಶಾಲೆಗಳಲ್ಲಿವೆ.

ಕರಾರು, ಕಂತು, ದತ್ತಿನಿಧಿ

ಎರಡು ಪುಟದ ಕರಾರು ಸಾಕು, ಆದರೆ ಇರಲೇಬೇಕು. ಉದ್ದೇಶ ಬರೆಯುವಾಗ ಅಗಲವಾಗಿ ಬರೆಯಿರಿ. ‘ಕಂಪ್ಯೂಟರ್ ಖರೀದಿಗೆ’ ಎಂದಿದ್ದರೆ ಉಳಿದ ಹಣದಲ್ಲಿ ಕೇಬಲ್ ಕೂಡ ಕೊಳ್ಳುವಂತಿಲ್ಲ, ‘ಕಂಪ್ಯೂಟರ್ ಕಲಿಕೆಗೆ’ ಎಂದರೆ ತರಬೇತಿಗೂ ಆಗುತ್ತದೆ. ಉದ್ದೇಶ ಮುಗಿದರೆ ಅಥವಾ ಅಸಾಧ್ಯವಾದರೆ ಉಳಿದ ಹಣ ಯಾವುದಕ್ಕೆ ಎಂಬುದು ಪ್ರತ್ಯೇಕ ಷರತ್ತಾಗಿರಲಿ, ಇಲ್ಲದಿದ್ದರೆ ದಾನಿ ತೀರಿಕೊಂಡ ಮೇಲೆ ಆ ಹಣ ಯಾರೂ ಮುಟ್ಟಲಾಗದೆ ಕೂರುತ್ತದೆ. ವಸ್ತುವಿನ ಒಡೆತನ ಯಾರದು, ವರ್ಷದ ಖರ್ಚು ಯಾರದು, ಎಷ್ಟು ವರ್ಷ, ಇವನ್ನೂ ಬರೆಯಿರಿ. ಕೋಣೆಗೆ ಹೆಸರಿಡುವುದಾದರೆ 10 ಅಥವಾ 15 ವರ್ಷದ ಅವಧಿ ಹಾಕಿ. ಶಾಶ್ವತ ಹೆಸರು ಕೊಟ್ಟರೆ ಮುಂದೆ ಅದೇ ಕೋಣೆಯನ್ನು ದುರಸ್ತಿ ಮಾಡಿಸಲು ಬರುವ ದಾನಿಗೆ ಕೊಡಲು ಏನೂ ಉಳಿಯುವುದಿಲ್ಲ. ನೇಮಕಾತಿ, ಪ್ರವೇಶ, ಪಠ್ಯದಲ್ಲಿ ದಾನಿಗೆ ಮಾತಿಲ್ಲ ಎಂಬುದನ್ನು ಸಂಕೋಚವಿಲ್ಲದೆ ಸೇರಿಸಿ.

ಕಟ್ಟಡ ಕೆಲಸಕ್ಕೆ ಹಣ ಹಂತಹಂತವಾಗಿ ಹೋಗಬೇಕು. ಅಡಿಪಾಯಕ್ಕೆ 30, ಚಾವಣಿಗೆ 40, ಒಳಕೆಲಸ ಮುಗಿದಾಗ 20, ಉಳಿದ 10 ಪಾಲು ಒಂದು ಮಳೆಗಾಲ ಕಳೆದ ಮೇಲೆ. ಸೋರುವುದು ಮಳೆ ಬಂದಾಗಲೇ ಗೊತ್ತಾಗುವುದು, ಅಷ್ಟರಲ್ಲಿ ಪೂರ್ತಿ ಹಣ ಕೊಟ್ಟಿದ್ದರೆ ಗುತ್ತಿಗೆದಾರ ಫೋನ್ ಎತ್ತುವುದಿಲ್ಲ. ದೇಣಿಗೆಗೆ ಬೇರೆಯೇ ಬ್ಯಾಂಕ್ ಖಾತೆ, ಇಬ್ಬರ ಸಹಿ, ಮತ್ತು ಸಹಿ ಮಾಡುವವರೇ ಸಾಮಾನು ಸ್ವೀಕರಿಸಿದವರಾಗಬಾರದು.

ಬಹುಮಾನ, ವಿದ್ಯಾರ್ಥಿವೇತನಕ್ಕೆಂದು ಇಡುಗಂಟು ಕೊಡುವವರು ಬಹಳ. ಬಂದ ಬಡ್ಡಿಯನ್ನೆಲ್ಲ ಪ್ರತಿ ವರ್ಷ ಹಂಚಿದರೆ ಗಂಟು ಅಂಕಿಯಲ್ಲಿ ಹಾಗೇ ಇರುತ್ತದೆ, ಬೆಲೆಯಲ್ಲಿ ಕರಗುತ್ತದೆ. ವರ್ಷಕ್ಕೆ ಶೇ. 6ರಂತೆ ಬೆಲೆ ಏರಿದರೆ 12 ವರ್ಷದಲ್ಲಿ ಅದರ ಕೊಳ್ಳುವ ಶಕ್ತಿ ಅರ್ಧ. ಒಂದು ಕಾಲಕ್ಕೆ ವರ್ಷದ ಪುಸ್ತಕಗಳೆಲ್ಲ ಬರುತ್ತಿದ್ದ ದತ್ತಿ ಬಹುಮಾನದಲ್ಲಿ ಇಂದು ಒಂದು ಪೆನ್ನು ಬರುವುದು ಇದೇ ಕಾರಣಕ್ಕೆ. ಬಡ್ಡಿ ಶೇ. 7 ಬಂದು ಬೆಲೆಯೇರಿಕೆ 5 ಇದ್ದರೆ ಖರ್ಚಿಗೆ 2 ಮಾತ್ರ, 5 ಗಂಟಿಗೆ ಮರಳಬೇಕು. ಅಷ್ಟು ಕಡಿಮೆಗೆ ಬಹುಮಾನ ಸಾಲದು ಎನಿಸಿದರೆ ದತ್ತಿಯ ಬದಲು 15 ವರ್ಷದಲ್ಲಿ ಅಸಲನ್ನೂ ಖರ್ಚು ಮಾಡಿ ಮುಗಿಸುವ ನಿಧಿ ಮಾಡಿ. ಹದಿನೈದು ಬ್ಯಾಚಿನ ಮಕ್ಕಳಿಗೆ ನಿಜವಾಗಿ ದಕ್ಕುತ್ತದೆ.

ವರದಿ, ಮತ್ತು ಬೇಡ ಎನ್ನುವುದು

ದಾನಿಗೆ ಮೂರು ಬಾರಿ ಬರೆಯಿರಿ. ಆರು ವಾರಕ್ಕೆ ರಸೀದಿಗಳ ಸಮೇತ ಜಮಾಖರ್ಚು, ಆರು ತಿಂಗಳಿಗೆ ಬಳಕೆಯ ಅಂಕಿ, ವರ್ಷಕ್ಕೆ ಏನು ಕೆಟ್ಟಿತು, ಯಾರು ಸರಿಮಾಡಿಸಿದರು. ‘ಮಕ್ಕಳು ಸಂತೋಷಪಟ್ಟರು’ ಎಂಬುದು ವರದಿಯಲ್ಲ. ತಿಂಗಳಿಗೆ ಎಷ್ಟು ಪುಸ್ತಕ ಎರವಲು ಹೋಯಿತು, ಕಂಪ್ಯೂಟರ್ ಕೋಣೆ ವಾರಕ್ಕೆ ಎಷ್ಟು ಪೀರಿಯಡ್ ತೆರೆದಿತ್ತು, ಹಿರಿಯ ಹುಡುಗಿಯರ ಹಾಜರಿ ಹೋದ ವರ್ಷದ ಅದೇ ತಿಂಗಳಿಗಿಂತ ಎಷ್ಟು ಹೆಚ್ಚು ಕಡಿಮೆ. ಇದಕ್ಕೆ ದೇಣಿಗೆ ಬರುವ ಮೊದಲಿನ ಅಂಕಿ ಬೇಕು, ಅದನ್ನು ಆಮೇಲೆ ಹುಟ್ಟಿಸಲಾಗದು. ಕೆಟ್ಟ ಸುದ್ದಿಯನ್ನು ಶಾಲೆಯೇ ಮೊದಲು ಹೇಳಿದರೆ ಬಹುತೇಕ ದಾನಿಗಳು ರಿಪೇರಿಗೆ ಮುಂದೆ ಬರುತ್ತಾರೆ. ತಾವಾಗಿ ಬಂದು ಬೀಗ ಹಾಕಿದ ಕೋಣೆ ಕಂಡವರು ಮತ್ತೆ ಬರುವುದಿಲ್ಲ.

ಕೆಲವನ್ನು ಬೇಡ ಎನ್ನಬೇಕಾಗುತ್ತದೆ: ಶಾಲೆ ನಡೆಸಲಾಗದ ಯಂತ್ರ, ವ್ಯಾಪಾರದ ಜಾಹೀರಾತು ಮೆತ್ತಿದ ಬೆಂಚು, ಮಕ್ಕಳ ಹೆಸರು ವಿಳಾಸ ಕೇಳುವ ಉಚಿತ ಆ್ಯಪ್, ಚುನಾವಣೆಗೆ ನಿಂತವರ ಚೀಲ. ಒಬ್ಬ ಮುಖ್ಯೋಪಾಧ್ಯಾಯರು ಎದುರಿಗೆ ನಿಂತು ಹೇಳುವುದು ಕಷ್ಟ. ಅದಕ್ಕೇ ‘ಇಂಥವನ್ನು ಸ್ವೀಕರಿಸುವುದಿಲ್ಲ’ ಎಂಬ ಅರ್ಧ ಪುಟದ ನಿಯಮವನ್ನು ಆಡಳಿತ ಸಮಿತಿ ಮೊದಲೇ ಅಂಗೀಕರಿಸಿ ಕಚೇರಿಯ ಗೋಡೆಗೆ ಹಾಕಿರಲಿ. ನಿಯಮದ ಕೆಳಗೇ ವರ್ಷದ ಬೇಡಿಕೆಯ ಪಟ್ಟಿಯೂ ಇದ್ದರೆ, ಬೇಡ ಎಂದ ಮರುಕ್ಷಣವೇ ‘ಇದರಲ್ಲಿ ಯಾವುದಾದರೂ ಆಗುತ್ತದೆಯೇ ನೋಡಿ’ ಎನ್ನಬಹುದು.